ಒತ್ತಕ್ಷರ

ತ್ಬಿಲಿಸಿ, ಮೂರನೆಯ ದಿನ.
ನಿಲ್ದಾಣದ ಫಲಕದೆದುರು ನಿಂತಿದ್ದೇನೆ,
ಇನ್ನೊಂದು ಗಳಿಗೆ ದಿಟ್ಟಿಸಿದರೆ ಓದಿಬಿಡುತ್ತೇನೆಂಬ ಹಟದಲ್ಲಿ.

ದುಂಡನೆಯ ಲಿಪಿ.
ಅದೋ ಚುಕ್ಕಿ ಮರೆತ ಠ,
ಅದರ ಪಕ್ಕ ಮಗ್ಗುಲಾದ ಉ,
ಉಳಿದವಕ್ಕೆಲ್ಲ ಯಾರೋ ತಲೆಕಟ್ಟು ಬಿಚ್ಚಿಸಿ
ಬಿಸಿಲಿಗೆ ನಿಲ್ಲಿಸಿದ ಹಾಗಿದೆ.
ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು:
ಪಂಚಾಂಗ, ಗೊಬ್ಬರದ ಜಾಹೀರಾತು, ಏಳನೆಯ ತರಗತಿಯ ಗಣಿತ,
ಒಬ್ಬ ಮಂತ್ರಿಯ ಆತ್ಮಕತೆ, ಎರಡು ಸಲ.
ಕೈ ತಾನಾಗಿ ಚೀಲಕ್ಕಿಳಿದು ಕೆಂಪು ಪೆನ್ನು ತಡಕಿತು.
ಪೂರಾ ಊರು ಸರಿಯಾಗಿ ಅಚ್ಚಾಗಿದೆ,
ತಿದ್ದಿಸಿಕೊಳ್ಳಬೇಕಾದವಳು ನಾನೊಬ್ಬಳೇ.

ಅಂಕಿ ಮಾತ್ರ ಗುರುತಿನದು. ಮುನ್ನೂರ ಹದಿನಾಲ್ಕು ಬಂತು.
ಗಂಧಕದ ಬಿಸಿನೀರಿನ ಹಳೇ ಪೇಟೆಗೆ ಇದೇ ಎಂದು
ಹೋಟೆಲಿನ ಹುಡುಗ ಅಂಗೈ ಮೇಲೆ ಬರೆದುಕೊಟ್ಟಿದ್ದ.
ಕಾರ್ಡು ಒತ್ತಿದೆ. ಯಂತ್ರ ಕುಂಯ್ ಎಂದಿತು,
ಒಪ್ಪಿತೋ, ಬೈದಿತೋ.
ಹಿಂದಿದ್ದವರು ತಳ್ಳಿದರು, ಒಳಗಾದೆ.

ಪಕ್ಕದಾಕೆಯ ಮಡಿಲಲ್ಲಿ ಹಸಿರು ಪ್ಲಮ್ಮಿನ ಚೀಲ.
ಕೂತ ಕೂಡಲೇ ಮಾತು.
ನಿಮ್ಮ ಭಾಷೆ ಬಾರದಮ್ಮ ಅಂದೆ, ಕನ್ನಡದಲ್ಲೇ;
ಅದರಿಂದ ಆಕೆಗೇನೂ ಅಡ್ಡಿಯಾಗಲಿಲ್ಲ.
ಆಪರೇಷನ್ನಾದ ಮೊಣಕಾಲು ತೋರಿಸಿದಳು,
ಆಗಬೇಕಿರುವ ನನ್ನದನ್ನು ನಾನು ತೋರಿಸಿದೆ.
ಎದೆಗೆ ಬೆರಳಿಟ್ಟು ‘ಲಮಾರಾ’ ಅಂದಳು.
ನಾನೂ ಇಟ್ಟೆ: ‘ವಾರಿಜಾ.’

‘ವಾರ್ದ್ಜಿಯಾ?’
ಇಲ್ಲದ ಒತ್ತೊಂದನ್ನು ನಡುವೆ ತುರುಕಿ
ನನ್ನ ಹೆಸರು ನನಗೇ ವಾಪಸು ಕೊಟ್ಟಳು.
ಹೂಂ ಅಂದೆ. ಪರದೇಶದಲ್ಲಿ ಅಷ್ಟು ಕರಡು ಬಿಟ್ಟುಕೊಡಬೇಕು.
‘ವಾರ್ದ್ಜಿಯಾ!’
ಹಣೆ ಚಚ್ಚಿಕೊಂಡಳು.

ಅಲ್ಲಿಂದ ಸಂಗತಿ ನನ್ನ ಕೈತಪ್ಪಿತು.
ಹಿಂದಿನ ಸೀಟಿನ ಗಡ್ಡದವನು ಛೇ ಛೇ ಎಂದು ತಲೆಯಾಡಿಸಿದ.
ಅವನನ್ನು ಮಾಮಾ ಎನ್ನುತ್ತಿದ್ದ ಪೋರ
(ಇಲ್ಲಿ ಅಪ್ಪನಿಗೆ ಹಾಗನ್ನುತ್ತಾರಂತೆ)
ನನ್ನ ಮೂಗಿನೆದುರು ಐದು ಬೆರಳು ಹಿಡಿದ.
ಐದು ಗಂಟೆಯೋ, ಐದು ಮೈಲಿಯೋ, ಐದು ಜನ್ಮವೋ.
ಡ್ರೈವರು ಕನ್ನಡಿಯೊಳಗೇ ನನ್ನನ್ನು ಅಳೆದು
ತೀರ್ಪೊಂದನ್ನು ಕೊಟ್ಟ; ಅದನ್ನು ಯಾರೂ ಒಪ್ಪಲಿಲ್ಲ.
ಬಾಯಿ ಬಾಯಲ್ಲೂ ನನ್ನ ಹೆಸರು.
ಇಷ್ಟು ಜನ ಒಟ್ಟಿಗೆ ಹಿಂದೆಂದೂ ನನ್ನನ್ನು ಕರೆದಿಲ್ಲ,
ಮದುವೆಯ ದಿನ ಕೂಡ.

ಜಗಳ ಕಾವೇರಿದಾಗಲೇ ಒಂದು ತಿರುವು,
ತಟ್ಟನೆ ಮೌನ.
ಬಸ್ಸಿಗೆ ಬಸ್ಸೇ ಕೈಯೆತ್ತಿತು:
ಹಣೆ, ಹೊಟ್ಟೆ, ಬಲಹೆಗಲು, ಎಡಹೆಗಲು, ಮೂರು ಸಲ.
ಫೋನಿನಿಂದ ಕಣ್ಣೆತ್ತದ ಹುಡುಗಿಯೂ.
ಎಲ್ಲಿ ಗುಡಿ? ಕಿಟಕಿಗೆ ಒರಗಿ ಹುಡುಕಿದೆ:
ಟಯರಂಗಡಿ, ಗೋಡೆ, ಒಣಗಲು ಹಾಕಿದ ಚಾದರ.
ನನ್ನ ಕೈಯೂ ಅರ್ಧಕ್ಕೆ ಎದ್ದು
ಯಾವ ದೇವರಿಗೆಂದು ತಿಳಿಯದೆ
ಕೂದಲು ಸರಿಮಾಡಿಕೊಂಡಿತು.
ಮತ್ತೆ ಜಗಳ, ಬಿಟ್ಟ ಶಬ್ದದಿಂದಲೇ.

ಇಳಿಸಿದರು. ಇನ್ನೊಂದು ಬಸ್ಸಿಗೆ ಹತ್ತಿಸಿದರು. ಲಮಾರಾ ಜೊತೆಗೇ ಬಂದಳು,
ತನ್ನ ಸ್ಟಾಪು ಯಾವಾಗಲೋ ದಾಟಿಹೋದದ್ದನ್ನು
ನನ್ನಿಂದ ಮುಚ್ಚಿಟ್ಟುಕೊಂಡು.
ದಿದುಬೆ ಎಂಬ ಗದ್ದಲದಲ್ಲಿ,
ಬ್ರೆಡ್ಡು, ಚಪ್ಪಲಿ, ಕೋಳಿಮರಿಗಳ ನಡುವೆ
ಕೈಹಿಡಿದು ಎಳೆದು ಒಂದು ವ್ಯಾನಿನ ಮುಂದೆ ನಿಲ್ಲಿಸಿ
ಗಾಜಿನ ಹಿಂದಿನ ರಟ್ಟಿನ ಮೇಲೆ ಬೆರಳಾಡಿಸಿದಳು,
ಒಂದನೇ ಕ್ಲಾಸಿನವರಿಗೆ ಓದಿಸುವ ಹಾಗೆ:
ವ. ಅ. ರ. ದ್ಜ. ಇ. ಅ.

ಓಹೋ.
ನಾನೊಂದು ಊರು.

ಅಲ್ಲಮ್ಮಾ, ಅದು ನನ್ನ ಹೆಸರು ಕಣೇ,
ಎನ್ನಲು ಬಾಯಿ ತೆರೆದೆ.
ಅವಳ ಕಣ್ಣಲ್ಲಿ ಕೆಲಸ ಮುಗಿಸಿದವಳ ಹೊಳಪು,
ಕೊನೆಯ ಪುಟಕ್ಕೆ ಸಹಿ ಹಾಕಿ ಟೋಪಿ ಮುಚ್ಚಿದ ಪೆನ್ನಿನದು.
ಬಾಯಿ ಮುಚ್ಚಿದೆ.
ಹತ್ತಿದೆ.

ಈಗ ವ್ಯಾನು ನದಿಯ ಗುಂಟ ಹೋಗುತ್ತಿದೆ.
ನನ್ನ ನೋಟು ಹೆಗಲಿಂದ ಹೆಗಲಿಗೆ ಡ್ರೈವರನ ತನಕ ಹೋಗಿ
ಚಿಲ್ಲರೆ ಅಷ್ಟೇ ಕೈ ದಾಟಿ ಬಂತು, ಬೆಚ್ಚಗೆ.
ಪುಸ್ತಕ ತೆರೆದು ನೋಡಿದೆ: ವಾರ್ದ್ಜಿಯಾ,
ಬೆಟ್ಟದ ಮುಖದಲ್ಲಿ ಕೊರೆದ ಗವಿಗಳು, ದೂರ, ಬಲು ದೂರ.
ರಾತ್ರಿ ಎಲ್ಲಿ ಮಲಗುವುದೋ.
ಹೊರಡುವಾಗ ಮುಷ್ಟಿಗೆ ತುರುಕಿದ್ದ ಪ್ಲಮ್ಮು ಕಚ್ಚಿದೆ,
ದವಡೆ ಜುಮ್ಮೆಂದು ಒಂದು ಕಣ್ಣು ಮುಚ್ಚಿತು.
ಮುಂದಿನ ಸೀಟಿನವಳ ಹತ್ತಿರ ಚಿಟಿಕೆ ಉಪ್ಪು ಇದ್ದೀತು.
ಹೇಗೆ ಕೇಳುವುದು?