ಕೀ ಕೊಡುವ ಮುಂಚೆ

ಕೂತ್ಕೊಳ್ಳಿ ಜಯಶೀಲ ಮೇಡಂ, ಆ ಟೈರಿನ ಮೇಲೇ.
ಗಾಡಿ ರೆಡಿ. ಕೀ ಮಾತ್ರ ಈಗಲೇ ಕೊಡಲ್ಲ,
ನಾಲ್ಕು ಮಾತಿದೆ.

ಗ್ರಾಚುಟಿ ದುಡ್ಡು ಸುರಿದು ಗುಜರಿಯಿಂದ
ಐವತ್ತೊಂಬತ್ತರ ಮಾರಿಸ್ ಮೈನರ್ ಎತ್ತಿ ತಂದಾಗ
ತಣ್ಣೀರುಹಳ್ಳದ ಈ ರಸ್ತೆಯೆಲ್ಲ ನಕ್ಕಿತ್ತು.
ನಾನೂ ನಕ್ಕಿದ್ದೆ, ಸುಳ್ಳು ಯಾಕೆ.
ಈಗ ಆಲೂಗಡ್ಡೆ ಲಾರಿಯವರೂ ಗಾಡಿ ನಿಲ್ಲಿಸಿ
ಬಾನೆಟ್ಟಿನೊಳಗೆ ಇಣುಕಿ ಹೋಗ್ತಾರೆ.

ಇಗೋ, ಇದೇ ಪಂಪು.
ಬೆಲ್ಲದಚ್ಚಿನಷ್ಟು ದಪ್ಪ, ತಲೆಗೊಂದು ಕರಿ ಟೋಪಿ.
ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತೆ.
ನೋಡಿದವರದೆಲ್ಲ ಒಂದೇ ಮಾತು:
ಗಾಡಿಯ ಹೃದಯ ಅಲ್ವಾ ಆಚಾರ್ರೇ!
ಹೃದಯ ಅಲ್ಲ. ಹೃದಯ ನಿಂತರೆ ಕತೆ ಮುಗೀತು.
ಇದು ನಿಂತರೆ ಗಾಡಿಗೆ ಸುಖ,
ಕಾರ್ಬೊರೇಟರ್ ಬಟ್ಟಲು ತುಂಬಿದೆ ಅಂತ,
ಹಾಲು ಕುಡಿದ ಕೂಸು ಬಾಯಿ ಬಿಟ್ಟ ಹಾಗೆ.
ನಿಲ್ಲದೆ ಬಡ್ಕೊಂಡರೆ ಹೆದರಿ.
ಟ್ಯಾಂಕು ಬತ್ತಿರಬೇಕು, ಇಲ್ಲ ಎಲ್ಲೋ ಸೋರ್ತಿರಬೇಕು.

ನಿಮಗಿಂತ ಹಿಂದಿನವರು ಯಾರೋ ಪುಣ್ಯಾತ್ಮರು
ಫ್ಯೂಸು ಹೋದ ಜಾಗಕ್ಕೆ
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು.
ಸಾಯಬೇಕಾದ್ದನ್ನ ಸಾಯೋಕೆ ಬಿಡದೆ
ಬದುಕಬೇಕಾದ್ದನ್ನ ಕೊಂದರು.
ಕಾಯಿಲು ಕರಗಿ ಕಾಕಂಬಿ ಆಗಿತ್ತು.
ಈಗ ಐದು ಆಂಪಿನ ಗಾಜಿನ ಫ್ಯೂಸು ಹಾಕಿದೀನಿ,
ಇನ್ನೆರಡು ನಶ್ಯದ ಡಬ್ಬೀಲಿ, ಡ್ಯಾಶ್‌ಬೋರ್ಡ್ ಗೂಡೊಳಗೆ.

ಒಂದೊಂದು ಟಿಕ್ಕಿಗೂ ಒಳಗೊಂದು ಕಿಡಿ,
ಸಾಸಿವೆ ಗಾತ್ರದ್ದು.
ನಮ್ಮಪ್ಪನ ಕುಲುಮೇಲಿ ಕಿಡಿ ಹಾರಿದರೆ
ಕುಳ ಹದವಾಗ್ತಿದೆ ಅಂತ ಊರಿಗೇ ತಿಳೀತಿತ್ತು.
ನನ್ನ ಕಸುಬಲ್ಲಿ ಕಿಡಿ ಅಂದರೆ ಸವೆತ.
ಪಾಯಿಂಟು ಕಪ್ಪಗಾಗಿ ಒಂದು ದಿನ ಕಚ್ಚಿಕೊಳ್ಳುತ್ತೆ.
ಆ ಕಿಡೀನ ನುಂಗೋಕೆ ಭತ್ತದ ಕಾಳಿನಷ್ಟು ಡಯೋಡು ಕಟ್ಟಿದೀನಿ.
ತಿರುಗಾಮುರುಗಾ ಇದೆ ಅಂತ ಯಾವನಾದರೂ ಬಿಚ್ಚೋಕೆ ಬಂದರೆ
ಕೈಗೆ ಹೊಡೀರಿ.
ಈ ಕಾಲದ ಗಾಡೀಲಿ ಪ್ಲಸ್ಸೇ ನೆಲ.
ನಮಗೆ ಗೊತ್ತಿರೋದೆಲ್ಲ ಇಲ್ಲಿ ಉಲ್ಟಾ,
ಆದರೂ ಲೆಕ್ಕ ಸರಿ.

ಪಂಪಿನ ಮುಂದೆ ಒಂದು ಜರಡಿ.
ಮೊದಮೊದಲು ವಾರಕ್ಕೊಮ್ಮೆ ತೋರಿಸಿ,
ಅರವತ್ತು ವರ್ಷದ ತುಕ್ಕು
ಒಂದೇ ದಿನಕ್ಕೆ ಮಾತು ಮುಗಿಸಲ್ಲ.
ಕೀ ಆನ್ ಮಾಡಿಟ್ಟು ಯಾರ ಜೊತೇನೂ ಹರಟೆಗೆ ನಿಲ್ಲಬೇಡಿ.

ಕೊನೇದು, ನೀವು ಕೇಳಿರಲಿಲ್ಲ. ಬಿಲ್ಲಲ್ಲೂ ಇಲ್ಲ.
ಸೀಟಿನ ಕೆಳಗೆ ಈ ಡಬ್ಬಿ.
ಒಳಗೊಂದು ಉಕ್ಕಿನ ಗುಂಡು, ಹಿಡಿದಿರೋದು ಮ್ಯಾಗ್ನೆಟ್ಟು.
ಮೂವತ್ತು ವರ್ಷ ಕಾಲೇಜು ಲ್ಯಾಬಲ್ಲಿ
ಮ್ಯಾಗ್ನೆಟ್ ಎಣಿಸಿ ಬೀರುವಿಗಿಟ್ಟವರಿಗೆ
ನಾನೇನು ಹೇಳಲಿ.
ಗುದ್ದು ಬಿದ್ದರೆ ಗುಂಡಿನ ಕೈ ಬಿಡುತ್ತೆ,
ಪಂಪಿಗೆ ಕರೆಂಟು ಕಟ್ಟು.

ಮಾರನಹಳ್ಳಿ ಹತ್ರ, ಇಳಿಜಾರಿನ ತಿರುವು.
ಚನ್ನವೀರನ ಹೆರಾಲ್ಡು. ಪಂಪು ನಾನೇ ಕೂರಿಸಿದ್ದು,
ಟ್ರಯಲ್ಲಿಗೆ ಅಂತ ಜೊತೇಲಿ ಹೋಗಿದ್ದೆ.
ಗಾಡಿ ಮಗುಚಿತು. ನಾನು ಹೊರಗೆ ಬಿದ್ದೆ, ಅವನು ಒಳಗೆ.
ಇಂಜಿನ್ ಆಗಲೇ ಸತ್ತಿತ್ತು.
ಹುಳದ ಸದ್ದೂ ಇಲ್ಲದ ಆ ಕಾಡಲ್ಲಿ ಟಿಕ್ ಟಿಕ್ ಟಿಕ್.
ಪೈಪು ಹರಿದದ್ದು ಅದಕ್ಕೇನು ಗೊತ್ತು,
ನಿಯತ್ತಿಂದ ಸುರೀತಾನೇ ಇತ್ತು.
ಈ ಎಡಗೈ, ನೀವು ನೋಡಿಯೂ ಕೇಳದೆ ಬಿಟ್ಟ ಕೈ,
ಆವತ್ತು ಕೀಗೆ ಚಾಚಿದ್ದು.

ಹೋಗ್ಲಿ ಬಿಡಿ. ಟೀ ತಣ್ಣಗಾಯ್ತು.

ತಗೊಳ್ಳಿ ಕೀ. ತಿರುಗಿಸಿ.
ಸೆಲ್ಫಿನ ಗುಬುಟು ಎಳೀಬೇಡಿ ಇನ್ನೂ, ಕೇಳಿ ಸುಮ್ಮನೆ.

ಟಿಕ್ ಟಿಕ್ ಟಿಕ್ ಟಿಕ್
ಟಿಕ್ ಟಿಕ್

ಟಿಕ್

ಇನ್ನೊಂದು ಬರುತ್ತೆ ಅಂತ ಕಾಯ್ತಿದೀರಾ?
ನಾನೂ ಕಾಯ್ತೀನಿ, ಪ್ರತಿ ಸಲ.
ಬರಲಿಲ್ಲ. ತುಂಬಿತು.

ಈಗ ಎಳೀರಿ.
ಇವತ್ತು ಹೈವೇ ಹತ್ತಬೇಡಿ,
ಗೊರೂರಿನ ತನಕ ಹೋಗಿ ಬನ್ನಿ, ಸಾಕು.