ನನ್ನ ನಂಬರು

ಹೊಸನಗರದ ಆಸ್ಪತ್ರೆ ಗೇಟಿನೆದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ,
ಲ್ಯಾಮಿನೇಷನ್ನಿಗೆ ಇಪ್ಪತ್ತು.
ನಂಬರಿಗೆ ಮಾತ್ರ ದುಡ್ಡಿಲ್ಲ.

ನಂಬರು ಅಂದರೆ ನನ್ನದೇ.
ಚೀಟಿ ಮಾಡಿಸುವ ಕಿಟಕಿಯಲ್ಲಿ
ಮೊಬೈಲು ಹೇಳಿ ಅಂತಾರೆ.
ಇಲ್ಲ ಅಂದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ,
ಹಿಂದಿನವರು ಬೆನ್ನಿಗೆ ಬೀಳುತ್ತಾರೆ.
ಮೊದಲು ಬಂದವಳು ದುಗ್ಗಮ್ಮ.
ಸೆರಗಿನ ಗಂಟಲ್ಲಿ ಎಲ್ಲ ಇತ್ತು, ಹತ್ತು ಅಂಕಿ ಇರಲಿಲ್ಲ.
ನನ್ನದು ಕೊಡು ಮಾರಾಯ್ತಿ ಅಂದೆ.
ಒಂದು ದಿನದ ಮಾತು ಅಂದುಕೊಂಡಿದ್ದೆ.

ಈಗ ನನ್ನ ಫೋನಿನೊಳಗೆ ನಲವತ್ತೊಂದು ಜನ.
ಯಾರ ಸಕ್ಕರೆ ಎಷ್ಟು, ಯಾರಿಗೆ ರಕ್ತ ಕಡಿಮೆ,
ಊಟಕ್ಕೆ ಕೂತಾಗ ಟಿಣ್ ಅನ್ನುತ್ತದೆ.
ಸಂಪೆಕಟ್ಟೆ ಕಡೆಯ ಸೊಸೆಯೊಬ್ಬಳು ಬಸುರಿ ಅನ್ನುವುದು
ಅವಳ ಅತ್ತೆಗಿಂತ ಮೊದಲು ನನಗೆ ಗೊತ್ತಾಯಿತು.
ಸಂತೆಯಲ್ಲಿ ಎದುರಾದರೆ
ನಾನೇ ಮುಖ ತಿರುಗಿಸುತ್ತೇನೆ, ಕದ್ದವಳ ಹಾಗೆ.

ಎಲ್ಲ ಇಂಗ್ಲಿಷಲ್ಲೇ ಬರುತ್ತವೆ.
ಪಿಯುಸಿಯಲ್ಲಿ ನಾನು ಡುಮ್ಕಿ ಹೊಡೆದದ್ದೇ ಅದರಲ್ಲಿ.
ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.
ಕೆಲವು ಕಲ್ಲು ಹಲ್ಲಿಗೇ ಸಿಕ್ಕುವುದು.

ಶುಕ್ರವಾರ ಬಂದದ್ದು: ಗುತ್ಯಪ್ಪ. ಕಫ.
ಆಮೇಲೊಂದು ಉದ್ದದ ಶಬ್ದ, ಆಮೇಲೆ ಪಾಸಿಟಿವ್,
ಕೂಡಲೇ ಬನ್ನಿ.
ಯಾರನ್ನು ಕರೆಯಲಿ?
ಅವನ ನಂಬರಿಗೆ ಮಾಡಿದರೆ
ನನ್ನ ಕೈಯಲ್ಲೇ ಬಿಜಿ ಬರುತ್ತದೆ.
ಮುಖ ನೆನಪಿಲ್ಲ. ನನ್ನ ಕೌಂಟರಿನಿಂದ
ಕಾಣುವುದು ಜನರ ಕೈ ಅಷ್ಟೆ.
ನೆನಪಿದ್ದದ್ದು, ಎಂಟು ರೂಪಾಯಿ ಚಿಲ್ಲರೆ ಬಿಟ್ಟು
ನಿಟ್ಟೂರು ಬಸ್ಸಿಗೆ ಓಡಿದ್ದು,
ಬೆರಳಚ್ಚಿನ ಯಂತ್ರ ಅವನ ಹೆಬ್ಬೆಟ್ಟನ್ನು
ಆರು ಸಲ ಒಲ್ಲೆ ಅಂದದ್ದು.

ಕೆಟ್ಟ ಪ್ರಿಂಟೊಂದರ ಹಿಂಬದಿಗೆ ಕನ್ನಡದಲ್ಲಿ ಬರೆದೆ:
ಗುತ್ಯಪ್ಪ, ಹೆದರಬೇಡ, ಬಾ, ಔಷಧಿ ಇದೆ, ದುಡ್ಡು ಬೇಡ.
ಮಡಚಿ ಕಂಡಕ್ಟರ್ ಪಾಸ್ಕಲನ ಜೇಬಿಗೆ ತುರುಕಿದೆ,
ಓದಲು ಬರುವವರ ಕೈಲೇ ಕೊಡು ಅಂತ.
ಗಾಳಿಯಲ್ಲಿ ಅರೆಗಳಿಗೆಗೆ ಬಂದಿದ್ದ ಸುದ್ದಿ
ಅವನೂರು ಮುಟ್ಟಲು ಮೂರು ದಿನ ಹಿಡಿಯಿತು.
ನಡುವೆ ಭಾನುವಾರ ಬಂತು, ಒಂದು ಟೈರೂ ಹೋಯಿತು.

ಮಂಗಳವಾರ ಬೆಳಗಿನ ಬಸ್ಸಿಂದ
ಮೂವರು ಗುತ್ಯಪ್ಪರು ಇಳಿದರು.
ಬರೀ ಹೆಸರು ಬರೆದಿದ್ದೆಯಲ್ಲ ಅಕ್ಕ, ಅಂದ ಪಾಸ್ಕಲ್.
ಒಬ್ಬ ಮುದುಕ, ಒಬ್ಬ ನಡುವಯಸ್ಸಿನವ,
ಒಬ್ಬನಿಗೆ ಮೀಸೆ ಈಗಷ್ಟೇ ಮೂಡುತ್ತಿದೆ.
ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ನೋಡಿಕೊಂಡು
ಮೂವರೂ ಕೆಮ್ಮಲು ಶುರು ಮಾಡಿದ್ದರು.

ನನ್ನಲ್ಲಿಗೆ ಬಂದಿದ್ದವರು ಯಾರಪ್ಪ?
ಯಾರೂ ತುಟಿ ಬಿಚ್ಚಲಿಲ್ಲ.
ಆ ಕಾಯಿಲೆ ಪಕ್ಕದವನದ್ದಾಗಲಿ ಅಂತ
ದೇವರಿಗೆ ಹೇಳಿಕೊಳ್ಳುವ ಮೌನ ಅದು.
ಎಲ್ಲಿ, ಹೆಬ್ಬೆಟ್ಟು ತೋರಿಸಿ ಅಂದೆ.
ಕೌಂಟರಿನ ಮೇಲೆ ಮೂರು ಕೈ ಬಂದವು.
ಮೂರೂ ನುಣ್ಣಗೆ, ಗೆರೆಯೇ ಇಲ್ಲ,
ಹೊಳೆಕಲ್ಲಿನ ಹಾಗೆ. ಆ ಹುಡುಗನದೂ.

ಶಟರು ಅರ್ಧ ಎಳೆದು
ಮೂವರನ್ನೂ ರಸ್ತೆ ದಾಟಿಸಿದೆ.
ಕಿಟಕಿಯವ ತಲೆಯೆತ್ತದೆ ಕೇಳಿದ, ಹೆಸರು?
ಗುತ್ಯಪ್ಪ, ಅಂದರು ಒಟ್ಟಿಗೆ.
ಮೊಬೈಲು?
ಮುದುಕ ನನ್ನ ಮುಖ ನೋಡಿದ.
ನಡುವಯಸ್ಸಿನವ ಖಾಲಿ ಜೇಬು ತಡವಿಕೊಂಡ.
ಹುಡುಗ ಮಾತ್ರ ನೆಲ ನೋಡುತ್ತ,
ಮೆಲ್ಲಗೆ, ಒಂದೂ ತಪ್ಪದೆ,
ನನ್ನ ಹತ್ತೂ ಅಂಕಿ ಹೇಳಿದ.