ಷರಾ

ಸಾಂಗಲಿಯ ಮೂರು ದಿನದ ತರಬೇತಿಗೆ
ಉಮದಿ ವಾಚನಾಲಯದಿಂದ ನಾನೊಬ್ಬಾಕಿ.
ನಸುಕಿನ ಎಸ್‌.ಟಿ. ಬಸ್ಸು, ತೊಡಿಮ್ಯಾಲ ದಾಖಲ ಬುಕ್ಕು,
ಅರಿವಿ ಬೈಂಡಿನದು, ಮೂರು ಕಿಲೋ ಭಾರ.
ಬಾಜೂ ಕೂತ ಮುದುಕಿ ಕೇಳಿದಳು,
ಏನವಾ, ಯಾರ ಹೊಲದ ಕಾಗದ?
ಎರಡು ಸಾವಿರದ ನೂರಾ ಹದಿನಾರರದು, ಅಂದೆ.
ಅಷ್ಟು ಎಕರೆ ಅಂತ ತಿಳಿದಳೋ ಏನೋ,
ಜತ್ತ ಬರೋತನಕ ಸರಿದು ಸರಿದು ಜಾಗ ಕೊಟ್ಟಳು.

ಪಾಟೋಳೆ ಮೇಡಮ್ ಮರಾಠಿಯೊಳಗ ಹೇಳಿದರು:
ಹೊಸ ತಂತ್ರಾಂಶ ಬಂದೈತಿ, ರೊಕ್ಕ ಹತ್ತೂದಿಲ್ಲ,
ಇನ್ನ ಮ್ಯಾಲ ಪುಸ್ತಕ ತನ್ನ ಹೆಸರು ತಾನ ಹೇಳತೈತಿ,
ಪಟ್ಟಾಪಟ್ಟಿ ಚೀಟಿಗೆ ಕೆಂಪು ಬೆಳಕು ತಾಕಿದರ ಸಾಕು.
ಟಿಂಯ್ ಅಂತು.
ನಲವತ್ತು ಮಂದಿ ಚಪ್ಪಾಳಿ ಹೊಡದಿವಿ.
ಆಮ್ಯಾಲ ಇನ್ನೊಂದು ಸುದ್ದಿ: ಓದುಗ ಬಾಯಿ ತೆರಿಯೂ ಮೊದಲ
ಅವಗ ಏನು ಬೇಕಂತ ಹೇಳೂ ಯಂತ್ರ ಬರಾಕತ್ತೈತಂತ.
ನನಗ ಚಾಂದಬಿ ನೆನಪಾದಳು,
ದಿನಾ ಬಂದು ಅರ್ಧ ತಾಸು ಫ್ಯಾನಿನ ಕೆಳಗ ಕೂತು
ಏನೂ ಕೇಳದ ಎದ್ದು ಹೋಗಾಕಿ.

ಭಾಷಾ ಅನ್ನೂ ಖಾನೆಯೊಳಗ
ಮರಾಠಿ, ಹಿಂದಿ, ಇಂಗ್ಲಿಷ್, ಇತರ.
ಇತರ! ಎರಡೂ ಕಡೆ ಅದೊಂದ ಶಬ್ದ,
ಅವರು ತುದಿ ನುಂಗತಾರ,
ನಾವು ತುದಿ ಉಳಸಕೋತೀವಿ.
ಪುಸ್ತಕದ ಹೆಸರು ಒತ್ತಿದೆ. ತೆರಿಮ್ಯಾಲ
ಚೌಕ, ಚೌಕ, ಚೌಕ,
ಮನೂಕ ಮಾರಿದ ಮ್ಯಾಲ ಉಳಿದ ಖಾಲಿ ಡಬ್ಬಿಯಂಗ.
ಮೇಡಮ್ ಬಗ್ಗಿ ನೋಡಿದರು.
ತಪ್ಪು ನಿಮ್ಮದಲ್ಲ ನೀಲಗಂಗಾತಾಯಿ,
ಅಕ್ಷರ ಒಳಗ ಐತಿ, ಇದಕ್ಕ ಅದರ ಮಾರಿ ಗೊತ್ತಿಲ್ಲ ಅಷ್ಟ.
ಮರುದಿನ ಪೆನ್‌ಡ್ರೈವಿನಾಗ ಫಾಂಟು ತಂದರು.
ಇತರದ ಮ್ಯಾಲೊಂದು ಹೊಸ ಸಾಲು ತೆರದು
ಹೇಳ್ರಿ, ಹೆಂಗ ಬರಿಯೂದು, ಅಂದರು.
ಕ. ನ. ನಕ್ಕ ನದ ಒತ್ತು. ಡ.
ಅರ್ಧಾ ನ ಮೊದಲೋ, ಪೂರ್ತಿ ನ ಮೊದಲೋ ಅಂತ
ಹುಟ್ಟಾ ಮಾತಾಡಿದ ನನಗೂ ಒಂದು ಗಳಿಗಿ ತಿಳೀಲಿಲ್ಲ.

ಈಗ ಊರಾಗ ನಾನು, ಸ್ಕ್ಯಾನರು, ಕರೆಂಟಿದ್ದರ ಕರೆಂಟು.
ಚೀಟಿ ಹಚ್ಚೂ ಜಾಗ ನಿಯಮದಾಗ ಬರದೈತಿ:
ಮೊದಲನೆ ಪುಟ, ಬಲಕ್ಕ, ಕೆಳಗ.
ತೀರಿಹೋದ ಗುರುಪಾದ ಮಾಸ್ತರು
ಅದ ಜಾಗದಾಗ ಪೆನ್ಸಿಲ್ಲಿಲೆ ಏನೇನೋ ಗೀಚ್ಯಾರ.
'ಒರಲಿ ಹತ್ತಿತ್ತು, ಬಿಸಲಿಗಿಟ್ಟು ಉಳಿಸೀನಿ.'
'ಮಳಿಗೆ ತೊಯ್ತು, ಖಿಡಕಿ ಹಾಕಲಾರದ್ದು ನಂದ ತಪ್ಪು.'
ನಾನೂರಾ ಹನ್ನೆರಡನೆ ನಂಬರು, ಅಡಿಗಿ ಪುಸ್ತಕ:
'ನಲವತ್ಮೂರನೆ ಹಾಳಿ ಹರದಿತ್ತು,
ಕಸ್ತೂರವ್ವ ಶೀಲವಂತ ತನ್ನ ಕೈಲೆ ಬರದು ಹಚ್ಚ್ಯಾಳ.
ಅಸಲಿಗಿಂತ ಇದ ಛಲೋ.'
ತಗದು ನೋಡಿದರ ಹೂರಣದ ಅಳತಿ,
ಬೆಲ್ಲ ಒಂದು ಪಾವಿದ್ದದ್ದು ಹೊಡದು ಒಂದೂವರಿ ಮಾಡ್ಯಾಳ,
ಬದಿಗೆ ಎಣ್ಣಿ ಬೊಟ್ಟಿನ ಗುರ್ತು.

ಒಂದ ಪುಟದ ಲೇಖಕಿಗೆ ಖಾನೆ ಇಲ್ಲ.
ಹುಡುಕಿದೆ. ಎಲ್ಲಾದರ ತಳಕ್ಕ ಒಂದೈತಿ,
ಅವರು ಶೇರಾ ಅಂತಾರ, ನಾವು ಷರಾ,
ಕಡ್ಡಾಯದ ಕೆಂಪು ಚುಕ್ಕಿ ಸುದ್ದಾ ಇಲ್ಲದ್ದು.
ಎರಡನೂರಾ ಐವತ್ತೈದು ಅಕ್ಷರ ಹಿಡಿತಾವು,
ಒತ್ತು ಬಂದರ ಒಂದನ್ನ ಮೂರಂತ ಎಣಸತೈತಿ.
ಮಾಸ್ತರ ಮಾತು ಅದರಾಗ ಕುಂದರಸಬೇಕು,
ಬೇಕಾದರ ನಡುವಿನ 'ಮತ್ತ' 'ಆದರ' ಬಿಡಬಹುದು,
'ನಂದ ತಪ್ಪು' ಬಿಡಾಕ ಬರೂದಿಲ್ಲ.
ಪೂರ್ತಿ ಇಳದ ಮ್ಯಾಲ, ಓದಿ ನೋಡಿದ ಮ್ಯಾಲ,
ಪೆನ್ಸಿಲಿನ ಮ್ಯಾಲ ಚೀಟಿ ಹಚ್ಚತೀನಿ.
ಕೆಲವಕ್ಕ ಒಂದು ಬೆರಳು ಸರಿಸಿ ಹಚ್ಚೀನಿ.
ಯಾರಿಗೂ ಹೇಳಬ್ಯಾಡ್ರಿ.

ನಿನ್ನೆ ಸಾಂಗಲಿಯಿಂದ ಫೋನು:
ಉಳಿದವರದು ದಿನಕ್ಕ ನೂರು ಆಗತಾವು,
ನಿಮ್ಮದು ಯಾಕ ಹನ್ನೊಂದ?
ಕರೆಂಟಿಲ್ಲರಿ, ಅಂದೆ.
ತಲಿಮ್ಯಾಲ ಫ್ಯಾನು ಗಡಗಡ ತಿರಗತಿತ್ತು.
ಅದರ ಕೆಳಗ ಕೂತ ಚಾಂದಬಿ
ಸೆರಗು ಬಾಯಿಗಿಟ್ಟು ಆ ಕಡೆ ಹೊಳ್ಳಿದಳು.